ಮಹಡಿಗೆ ಅದರದ್ದೇ ಒಂದು ಡಿಬಿ

ಕೇಳುಗರಿಗೆಲ್ಲ ನಮಸ್ಕಾರ. ಮನೆ ಮೇಲೆ ಇನ್ನೊಂದು ಮಹಡಿ ಕಟ್ಟಿಸೋರು ಟೈಲ್ಸು, ಬಣ್ಣ, ಕಿಟಕಿ ಅಂತ ಹತ್ತು ಅಂಗಡಿ ಸುತ್ತುತಾರೆ, ಕರೆಂಟ್ ವಿಷಯ ಬಂದ್ರೆ ಮಾತ್ರ "ಕೆಳಗಿಂದಾನೇ ಒಂದು ಲೈನ್ ಎಳ್ದುಬಿಡಪ್ಪ" ಅಂತ ವೈರ್‌ಮನ್‌ಗೆ ಹೇಳಿ ಸುಮ್ನಾಗ್ತಾರೆ. ಆಮೇಲೆ ಮೇಲೆ ಗೀಸರ್ ಹಾಕಿದ್ರೆ ಕೆಳಗೆ ಟ್ರಿಪ್ಪು, ರಾತ್ರಿ ಟಾರ್ಚ್ ಹಿಡ್ಕೊಂಡು ಮೆಟ್ಟಿಲು ಇಳೀಬೇಕು. ಮಹಡಿಗೆ ಅದರದ್ದೇ ಸಬ್ ಡಿಬಿ, ಅಂದ್ರೆ ಕರೆಂಟ್ ಲೈನ್‌ಗಳನ್ನ ಹಂಚೋ ಸ್ವಿಚ್ಚುಗಳ ಒಂದು ಬೇರೆ ಡಬ್ಬಿ, ಹಾಕ್ಸಿ ಅಂತೀನಿ ನಾನು.

ಲೆಕ್ಕ ಸುಲಭ. 2 ಕಿಲೋವ್ಯಾಟ್ ಗೀಸರ್ 230 ವೋಲ್ಟ್‌ಗೆ ಸುಮಾರು 9 ಆಂಪ್ ಎಳ್ಯುತ್ತೆ, ಒಂದೂವರೆ ಟನ್ ಎಸಿ 7-8, ಇಂಡಕ್ಷನ್ ಸ್ಟೋವ್ ಇನ್ನೊಂದು 9, ಮೇಲೆ ಫ್ಯಾನು ಲೈಟು. ಸಾಮಾನ್ಯ ಮನೆಗೆ ಕೆಳಗಿಂದ 6 ಸ್ಕ್ವೇರ್ ಎಂಎಂ ತಾಮ್ರದ ವೈರ್, ಅದಕ್ಕೆ ಮೇನ್ ಬೋರ್ಡ್‌ನಲ್ಲಿ 32 ಆಂಪ್ ಎಂಸಿಬಿ, ಅಂದ್ರೆ ಕರೆಂಟ್ ಮಿತಿ ಮೀರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು, ಸಾಕು, ದೂರ ಜಾಸ್ತಿ ಇದ್ರೆ 10 ಎಂಎಂ. ಮೇಲೆ ಲೈಟಿಗೆ ಒಂದೂವರೆ ಎಂಎಂ ವೈರು, 6 ಇಲ್ಲಾಂದ್ರೆ 10 ಆಂಪ್ ಎಂಸಿಬಿ; ಪವರ್ ಸಾಕೆಟ್‌ಗೆ ಎರಡೂವರೆ ಎಂಎಂ, 16 ಆಂಪ್; ಎಸಿ, ಗೀಸರ್‌ಗೆ 4 ಎಂಎಂ, 20 ಆಂಪ್. ಟ್ರಿಪ್ ಆಗ್ತಾ ಇದೆ ಅಂತ 16 ತೆಗ್ದು 32 ಹಾಕ್ಸೋದು ನಮ್ಮಲ್ಲಿ ಮಾಮೂಲಿ, ಆದ್ರೆ ಎಂಸಿಬಿ ಕಾಯೋದು ಗೋಡೆಯೊಳಗಿನ ವೈರನ್ನ, ಅದು ದಪ್ಪ ಆಗ್ದೆ ಎಂಸಿಬಿ ಮಾತ್ರ ದೊಡ್ಡದಾದ್ರೆ ಗೋಡೆಯೊಳಗೇ ಬಿಸಿಯಾಗಿ ಸುಟ್ಟೋಗೋದು ವೈರೇ.

ಮನುಷ್ಯರನ್ನ ಶಾಕಿಂದ ಕಾಯೋಕೆ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ತಾನೇ ಬೀಳೋ, ಅಂದ್ರೆ ಆಫ್ ಆಗೋ ಸ್ವಿಚ್ಚು, 30 ಮಿಲಿ ಆಂಪ್‌ದು. ಕೆಳಗೆ 30 ಇದೆ, ಅದರ ಹಿಂದೇನೇ ಮೇಲೆ ಇನ್ನೊಂದು 30 ಹಾಕಿದ್ರೆ ಯಾವುದು ಬೀಳುತ್ತೋ ದೇವರಿಗೇ ಗೊತ್ತು. ಅದಕ್ಕೇ ಮಹಡಿ ಲೈನನ್ನ ಕೆಳಗಿನ ಆರ್‌ಸಿಸಿಬಿಗಿಂತ ಮುಂಚೆ, ಮೇನ್‌ನಿಂದಾನೇ ತಗೊಂಡು, ಮೇಲಿನ ಡಿಬಿಗೆ ಅದರದ್ದೇ 30ರದ್ದು ಹಾಕ್ಸಿ.

ಜಾಸ್ತಿ ತಲೆನೋವು ಕೊಡೋದು ನ್ಯೂಟ್ರಲ್ಲು, ಅಂದ್ರೆ ಕರೆಂಟ್ ವಾಪಸ್ ಬರೋ ಕಪ್ಪು ವೈರು. ಆರ್‌ಸಿಸಿಬಿ ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ತಾಳೆ ನೋಡುತ್ತೆ. ಡಿಬಿ ಮುಚ್ಚಳ ತೆಗೆದ್ರೆ ಹಿತ್ತಾಳೆ ಪಟ್ಟಿ ಮೇಲೆ ಸಾಲಾಗಿ ಸ್ಕ್ರೂ ಕಾಣುತ್ತಲ್ಲ, ಅದು ನ್ಯೂಟ್ರಲ್ ಲಿಂಕ್; ಇನ್ವರ್ಟರ್ ಲೈನಿನ ಕಪ್ಪು ವೈರನ್ನೂ ಅದೇ ಪಟ್ಟಿಗೆ ತುರುಕಿದ್ರೆ ಲೆಕ್ಕ ತಾಳೆಯಾಗಲ್ಲ, ಸುಮ್ಸುಮ್ನೆ ಬೀಳುತ್ತೆ, ಕೊನೆಗೆ ಯಾರೋ ಬಂದು "ಇದ್ರದ್ದೇ ಕಾಟ ಸಾರ್" ಅಂತ ಆರ್‌ಸಿಸಿಬಿನೇ ಕಿತ್ತು ನೇರ ಜೋಡಿಸಿ ಹೋಗ್ತಾನೆ. ಇನ್ವರ್ಟರ್‌ಗೆ ಬೇರೆ ಲಿಂಕ್ ಕೇಳಿ. ಅರ್ಥಿಂಗ್ ಪಟ್ಟಿಯನ್ನ ಸಬ್ ಡಿಬಿಯಲ್ಲಿ ನ್ಯೂಟ್ರಲ್‌ಗೆ ಸೇರಿಸ್ಲೇಬಾರದು.

ಸ್ವಿಚ್ಚು ಕೂರೋಕೆ 8 ಜಾಗ ಸಾಕು ಅನ್ಸಿದ್ರೂ 12 ಜಾಗ ಇರೋ, ಅಂದ್ರೆ 12 ವೇ ಡಬ್ಬಿನೇ ತಗೊಳ್ಳಿ, ನಾಳೆ ಇನ್ನೊಂದು ಎಸಿ ಬರೋದು ಗ್ಯಾರಂಟಿ. ಬಾತ್‌ರೂಮ್ ಗೋಡೆ ಬೇಡ, ಬೀರು ಹಿಂದೇನೂ ಬೇಡ. ಕೆಲಸ ಮುಗಿದ ದಿನ, ದುಡ್ಡು ಕೊಡೋ ಮುಂಚೆ, ಆರ್‌ಸಿಸಿಬಿ ಮೇಲಿನ ಟೆಸ್ಟ್ ಗುಂಡಿ ಒತ್ತಿ ನೋಡಿ, ಥಟ್ ಅಂತ ಬೀಳ್ಬೇಕು. ಬೀಳ್ಲಿಲ್ಲ ಅಂದ್ರೆ ಬದಲಾಯಿಸ್ದೆ ವೈರ್‌ಮನ್‌ನ ಕಳಿಸ್ಬೇಡಿ. ನಮಸ್ಕಾರ.