ಬಿಸಿ ಬಿಸಿ ಅಂದರೆ ತಪ್ಪೇ?

(ವಿಶ್ವ ರೇಡಿಯೋ ದಿನದಂದು ತುಮಕೂರಿನ ಕೇಳುಗರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಅಧ್ಯಕ್ಷರೇ, ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ಇವತ್ತು ಫೆಬ್ರವರಿ 13. 1946ರಲ್ಲಿ ಇದೇ ದಿನ ವಿಶ್ವಸಂಸ್ಥೆಯ ರೇಡಿಯೋ ಶುರುವಾಯಿತು. ಅದಕ್ಕೇ ಇದು ವಿಶ್ವ ರೇಡಿಯೋ ದಿನ. ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ರೇಡಿಯೋ ಮತ್ತು ಹಾಸ್ಯ’ ಅಂತ ಅಚ್ಚಾಗಿದೆ. ಬರೆದುಕೊಂಡು ಬಂದ ಹಾಳೆಗಳೂ ಇವೆ. ಆದರೆ ನಮ್ಮ ರೇಡಿಯೋದಲ್ಲಿ ಬರುವ ಒಂದು ನಿಮಿಷದ ಮಾತಿನ ಆಟ ಇದೆಯಲ್ಲ, ಅದರ ಕಳೆದ ಭಾನುವಾರದ ಕಂತಿನಲ್ಲಿ ‘ಬಿಸಿ ಬಿಸಿ’ ಅಂದಿದ್ದು ತಪ್ಪೇ ಅಂತ ಎದ್ದ ಗಲಾಟೆ ಇನ್ನೂ ತಣ್ಣಗಾಗಿಲ್ಲ. ಬಲಗಡೆ ಒಂದು ಪಕ್ಷ, ಎಡಗಡೆ ಒಂದು ಪಕ್ಷ ಕೂತಿರುವುದು ನನಗೆ ಇಲ್ಲಿಂದಲೇ ಕಾಣಿಸುತ್ತಿದೆ. ಹಾಗಾಗಿ ಮೊದಲು ಅದನ್ನೇ ಎತ್ತಿಕೊಳ್ಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಜಗಳ ಆಡಿದ್ದು ಸರಿ. ‘ಹಾಸ್ಯ ಕಾರ್ಯಕ್ರಮ ತಾನೇ, ನಕ್ಕು ಬಿಟ್ಟುಬಿಡಿ, ಅದಕ್ಕೂ ಇಷ್ಟೊಂದು ವಾದ ಯಾಕೆ’ ಅಂತ ಕೆಲವು ಹಿರಿಯರು ಬೇಜಾರು ಮಾಡಿಕೊಂಡಿದ್ದಾರೆ. ಹೀಗೇ ಆದರೆ ಆಟವನ್ನೇ ನಿಲ್ಲಿಸೋಣ ಅಂತಲೂ ಮಾತು ಬಂದಿದೆಯಂತೆ. ಬೇಡ. ದಯವಿಟ್ಟು ಬೇಡ. ಇದನ್ನು ಹೇಳುವುದಕ್ಕೇ ನಾನು ಬಂದಿರುವುದು. ಆಕ್ಷೇಪ ಎತ್ತುವವನು ಕಿವಿಗೊಟ್ಟು ಕೇಳಿದವನು. ಕೇಳಿಸಿಕೊಳ್ಳದವನಿಗೆ ಆಕ್ಷೇಪವೇ ಇರುವುದಿಲ್ಲ.

ಆ ಕಂತಿನಲ್ಲಿ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಆದರೂ ಇನ್ನೊಮ್ಮೆ ಹೇಳುವ ಆಸೆ ನನಗೆ. ಚೀಟಿಯಲ್ಲಿ ಬಂದ ವಿಷಯ ‘ತಟ್ಟೆ ಇಡ್ಲಿ’. ಅದು ಸಿಕ್ಕಿದ್ದು ಯಾರಿಗೆ? ಕ್ಯಾತ್ಸಂದ್ರದಲ್ಲಿ ಹೋಟೆಲ್ ಇಟ್ಟುಕೊಂಡಿರುವ ನಮ್ಮ ಅಣ್ಣನಿಗೇ! ಅರವತ್ತು ಸೆಕೆಂಡು ಮಾತಾಡಬೇಕು. ತಡವರಿಸಬಾರದು, ಹೇಳಿದ್ದನ್ನೇ ಹೇಳಬಾರದು, ವಿಷಯ ಬಿಟ್ಟು ಆಚೆ ಹೋಗಬಾರದು. ಚೀಟಿಯಲ್ಲಿರುವ ಮಾತನ್ನು ಮಾತ್ರ ಎಷ್ಟು ಸಲ ಬೇಕಾದರೂ ಅನ್ನಬಹುದು. ತಪ್ಪಿದರೆ ಜೊತೆಗೆ ಆಡುವವರು ಬಜರ್ ಒತ್ತಿ ಆಕ್ಷೇಪ ಎತ್ತುತ್ತಾರೆ.

ಅಣ್ಣ ಶುರು ಮಾಡಿದರು. ‘ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಿನ ಜಾವಕ್ಕೆ ಉಬ್ಬಿ ಪಾತ್ರೆ ಅಂಚಿಗೆ ಬಂದಿರುತ್ತೆ. ಒಲೆ ಹಚ್ಚಿ ನೀರು ಕುದಿಯೋಕೆ ಬಿಡಬೇಕು. ತಟ್ಟೆಗೆ ಎಣ್ಣೆ ಸವರಿ, ಸೌಟಲ್ಲಿ ಹುಯ್ದು, ಒಂದರ ಮೇಲೊಂದು ಜೋಡಿಸಿ ಒಳಗಿಡಬೇಕು. ಅಷ್ಟರಲ್ಲಿ ಬೆಂಗಳೂರು ಬಸ್ಸು ಹೊರಗೆ ನಿಂತಿರುತ್ತೆ, ಡ್ರೈವರ್ ಹಾರನ್ ಹೊಡೀತಾನೆ. ಮುಚ್ಚಳ ತೆಗೆದ ತಕ್ಷಣ ಬಿಸಿ ಬಿಸಿ...’

ಬಜರ್!

ಒತ್ತಿದ್ದು ಶಿರಾದ ಮೇಡಂ. ‘ಬಿಸಿ ಎರಡು ಸಲ ಬಂತು.’ ನಿರೂಪಕರು ಗಡಿಯಾರ ನಿಲ್ಲಿಸಿದರು. ಹನ್ನೆರಡು ಸೆಕೆಂಡು ಬಾಕಿ ಇತ್ತು. ಆಗ ಅಣ್ಣ ಹೇಳಿದ ಮಾತು ನೆನಪಿದೆಯಲ್ಲ? ‘ಮೇಡಂ, ಒಂದು ಬಿಸಿ ಅಂದ್ರೆ ಪಾರ್ಸಲ್. ಎರಡು ಬಿಸಿ ಅಂದ್ರೆ ಹಬೆ.’

ಸಭೆ ಬಿದ್ದು ಬಿದ್ದು ನಕ್ಕಿತು. ನೋಡಿ, ಇಲ್ಲೂ ಎರಡು ಸಲ ಬಂತು. ‘ಸಭೆ ಬಿದ್ದು ನಕ್ಕಿತು’ ಅಂದಿದ್ದರೆ ನೀವೆಲ್ಲ ಆಂಬುಲೆನ್ಸ್ ಕರೆಯುತ್ತಿದ್ದಿರಿ.

ನಿರೂಪಕರು ಮೇಡಂ ಆಕ್ಷೇಪವನ್ನು ಒಪ್ಪಿದರು. ಅದಕ್ಕೊಂದು ಅಂಕ. ಉಳಿದ ಹನ್ನೆರಡು ಸೆಕೆಂಡು ಮೇಡಂ ಕಾಯಿ ಚಟ್ನಿ ಮೇಲೆ ನೀಟಾಗಿ ಮಾತಾಡಿದರು. ನಿಮಿಷ ಮುಗಿದು ಸೀಟಿ ಊದಿದಾಗ ಮಾತಾಡುತ್ತಿದ್ದವರು ಅವರೇ, ಅದಕ್ಕೆ ಇನ್ನೊಂದು ಅಂಕ. ಆಟ ಅವರದಾಯಿತು.

ಸೋಮವಾರ ಬೆಳಿಗ್ಗೆಯಿಂದ ಶುರು. ಬಿ.ಎಚ್. ರಸ್ತೆಯ ಟೀ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ವಾಟ್ಸಾಪಿನಲ್ಲಿ ಇದೇ ಮಾತು. ಕನ್ನಡ ಮೇಷ್ಟ್ರುಗಳೆಲ್ಲ ಅಣ್ಣನ ಕಡೆ. ‘ಇದು ದ್ವಿರುಕ್ತಿ. ಹೈಸ್ಕೂಲು ಮಕ್ಕಳಿಗೇ ಪಾಠ ಮಾಡ್ತೀವಿ. ಇದನ್ನು ತಪ್ಪು ಅಂದರೆ ವ್ಯಾಕರಣ ಪುಸ್ತಕವನ್ನೇ ತಪ್ಪು ಅಂದ ಹಾಗೆ.’ ಇನ್ನೊಂದು ಕಡೆಯವರು, ಅವರಲ್ಲಿ ಬ್ಯಾಂಕಿನವರು ಜಾಸ್ತಿ, ‘ನಿಯಮ ಅಂದರೆ ನಿಯಮ. ಇವತ್ತು ಬಿಸಿ ಬಿಸಿ ಬಿಟ್ಟರೆ ನಾಳೆ ಒಬ್ಬ ಬಂದು ನಿಧಾನ ನಿಧಾನ ನಿಧಾನ ಅಂತ ಅರವತ್ತು ಸೆಕೆಂಡೂ ಕಳೆಯುತ್ತಾನೆ’ ಅಂದರು. ಆ ಭಯ ಸುಳ್ಳಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಗದ್ದಲದ ನಡುವೆ ನಮ್ಮ ಪಿಯುಸಿ ಹುಡುಗಿ ಒಬ್ಬಳು ರೆಕಾರ್ಡಿಂಗನ್ನು ಮತ್ತೆ ಕೇಳಿ ಒಂದು ಮೆಸೇಜ್ ಹಾಕಿದಳು. ‘ಒಂದರ ಮೇಲೊಂದು ಅಂತ ಅಂದಿದ್ದಾರಲ್ಲ, ಅದರಲ್ಲಿ ಒಂದು ಎರಡು ಸಲ ಇದೆ. ಅದನ್ನು ಯಾಕೆ ಯಾರೂ ಹಿಡಿಯಲಿಲ್ಲ?’ ಗುಂಪು ಪೂರ್ತಿ ಗಪ್‌ಚುಪ್. ಅಷ್ಟು ಜನ, ಅಷ್ಟು ವಾದ, ಯಾರಿಗೂ ಕೇಳಿಸಿರಲಿಲ್ಲ. ಆ ಮಗು ಕೇಳಿಸಿಕೊಂಡಿತ್ತು. ನಾನು ಹೇಳಲು ಹೊರಟಿರುವುದು ಇದನ್ನೇ. ಟಿವಿಯಲ್ಲಿ ನಟನ ಮುಖ ನೋಡಿ ಅರ್ಧ ನಗಬಹುದು. ರೇಡಿಯೋದಲ್ಲಿ ಆ ಸಹಾಯ ಇಲ್ಲ. ಕಿವಿ ದುಡಿಯಲೇಬೇಕು. ‘ಈ ಕಂತು ಚೆನ್ನಾಗಿರಲಿಲ್ಲ’ ಅನ್ನುವುದು ಸುಲಭ. ಎಲ್ಲಿ ಚೆನ್ನಾಗಿರಲಿಲ್ಲ, ಯಾವ ಮಾತಿನಲ್ಲಿ, ಯಾವ ಜಾಗದಲ್ಲಿ ಅಂತ ಹೇಳಬೇಕಾದರೆ ಕೇಳಿರಬೇಕು.

ಈ ಆಟ ಹುಟ್ಟಿದ ಕಥೆಯೂ ಇದಕ್ಕೆ ಸರಿಹೊಂದುತ್ತದೆ. ನಮ್ಮ ಆಟದ ಮೂಲ ಬಿಬಿಸಿಯ ‘ಜಸ್ಟ್ ಎ ಮಿನಿಟ್’. 1967ರ ಡಿಸೆಂಬರ್ 22ರಂದು ಅದರ ಮೊದಲ ಕಂತು ಬಂತು. ಅದನ್ನು ರೂಪಿಸಿದವರು ಇಯಾನ್ ಮೆಸಿಟರ್. ಹುಡುಗನಾಗಿದ್ದಾಗ ಅವರು ಕ್ಲಾಸಿನಲ್ಲಿ ಪಾಠ ಕೇಳದೆ ಎಲ್ಲೋ ಯೋಚಿಸುತ್ತಾ ಕೂತಿದ್ದರಂತೆ. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರು. ಕಳೆದ ಒಂದು ನಿಮಿಷದಲ್ಲಿ ನಾನು ಹೇಳಿದ್ದನ್ನೆಲ್ಲ ತಡವರಿಸದೆ, ಹೇಳಿದ್ದನ್ನೇ ಹೇಳದೆ ಒಪ್ಪಿಸು ಅಂದರು. ದೊಡ್ಡವರಾದ ಮೇಲೆ ಲಂಡನ್ನಿನ ಬಸ್ಸಿನ ಮೇಲಂತಸ್ತಿನಲ್ಲಿ ಕೂತಿದ್ದಾಗ ಅದು ನೆನಪಾಗಿ ಆಟ ಹೊಳೆಯಿತು ಅಂತ ಹೇಳುತ್ತಾರೆ. ಅಂದರೆ ಏನಾಯಿತು? ಕೇಳಿಸಿಕೊಳ್ಳದ ಹುಡುಗನಿಗೆ ಕೊಟ್ಟ ಶಿಕ್ಷೆಯಿಂದ ಹುಟ್ಟಿದ ಆಟ ಇದು. ಇಂಥ ಆಟದ ಕೇಳುಗರಿಗೆ ‘ಸುಮ್ನೆ ನಕ್ಕು ಬಿಡಿ’ ಅಂತ ಹೇಳುವುದು ಹೇಗೆ?

ಅಲ್ಲಿನ ಅಭಿಮಾನಿಗಳೂ ವರ್ಷಗಟ್ಟಲೆ ಜಗಳ ಆಡಿದ್ದಾರೆ. ಕ್ಲೆಮೆಂಟ್ ಫ್ರಾಯ್ಡ್ ಅಂತ ಒಬ್ಬರು ಆಡುತ್ತಿದ್ದರು. ಮನಶ್ಶಾಸ್ತ್ರದ ಸಿಗ್ಮಂಡ್ ಫ್ರಾಯ್ಡ್ ಅವರ ಮೊಮ್ಮಗ. ಸಂಸತ್ತಿಗೂ ಹೋಗಿ ಬಂದವರು. ಅದಕ್ಕೆ ಮುಂಚೆ ಅಡುಗೆಯವರು! ಕ್ಯಾತ್ಸಂದ್ರದ ಅಣ್ಣ ಈ ಮಾತು ಗಮನಿಸಬೇಕು. ಬೇರೆಯವರು ಐವತ್ತು ಸೆಕೆಂಡು ಉಸಿರು ಕಟ್ಟಿ ಮಾತಾಡಿರುತ್ತಾರೆ. ಕೊನೆಯ ಒಂದೆರಡು ಸೆಕೆಂಡಿರುವಾಗ ಫ್ರಾಯ್ಡ್ ಬಜರ್ ಒತ್ತಿ, ಸೀಟಿಯ ಅಂಕ ಹೊಡೆಯುತ್ತಿದ್ದರು. ಇದು ಜಾಣತನವೋ ಸಣ್ಣತನವೋ? ನಾನು ಫ್ರಾಯ್ಡ್ ಕಡೆ. ಕೊನೆಯ ಸೆಕೆಂಡಿನವರೆಗೆ ಕಿವಿ ತೆರೆದಿಟ್ಟುಕೊಂಡವನಿಗೆ ಅಂಕ ಸಿಗಲಿ ಬಿಡಿ.

ನಿಕೋಲಸ್ ಪಾರ್ಸನ್ಸ್ ಐವತ್ತು ವರ್ಷಕ್ಕೂ ಮೇಲೆ ಆ ಆಟವನ್ನು ನಡೆಸಿಕೊಟ್ಟರು. 2020ರ ಜನವರಿಯಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಒಂದು ಪದ್ಧತಿ ನನಗೆ ಬಹಳ ಇಷ್ಟ. ಆಕ್ಷೇಪ ಸರಿಯೋ ತಪ್ಪೋ ಅಂತ ತೀರ್ಮಾನ ಮಾಡುವುದು ಕಷ್ಟವಾದಾಗ ಅದನ್ನು ಸಭಿಕರಿಗೇ ಬಿಡುತ್ತಿದ್ದರು. ಒಪ್ಪುವವರು ಜೈ ಅನ್ನಿ, ಒಪ್ಪದವರು ಬೂ ಅನ್ನಿ, ಎಲ್ಲರೂ ಒಟ್ಟಿಗೇ ಅನ್ನಿ! ಗದ್ದಲ ಎದ್ದ ಮೇಲೆ ತೀರ್ಪು. ಸಭೆಯನ್ನು ಆಟದ ಒಳಗೆ ಸೇರಿಸಿಕೊಳ್ಳುವುದು ಅಂದರೆ ಇದು. ನಮ್ಮ ನಿರೂಪಕರು ಭಾನುವಾರ ಇದನ್ನು ಮಾಡಬಹುದಿತ್ತು. ಮಾಡಿದ್ದರೆ ಸೋಮವಾರದ ಗಲಾಟೆ ಭಾನುವಾರವೇ ರೆಕಾರ್ಡ್ ಆಗುತ್ತಿತ್ತು. ಎಂಥಾ ಕಂತು ಆಗಿರುತ್ತಿತ್ತು ಅಲ್ವಾ?

2012ರಲ್ಲಿ ಪಾರ್ಸನ್ಸ್ ಮತ್ತು ಅವರ ತಂಡದವರು ಮುಂಬೈಗೆ ಬಂದು ಎರಡು ಕಂತು ರೆಕಾರ್ಡ್ ಮಾಡಿಕೊಂಡು ಹೋದರು. ಆಡಿದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಆಡಬೇಕಾದರೆ ನಿಯಮವನ್ನು ನಾವೇ ಕೂತು ಮಾಡಿಕೊಳ್ಳಬೇಕು. ಅವರಿಂದ ಎರವಲು ತರುವುದಕ್ಕೆ ಆಗುವುದಿಲ್ಲ. ‘ಮನೆಗೆ ಹೋದೆ’ ಅನ್ನಿ. ‘ಮನೆ ಮನೆಗೆ ಹೋದೆ’ ಅನ್ನಿ. ಮೊದಲನೆಯವನು ಊಟಕ್ಕೆ ಹೊರಟಿದ್ದಾನೆ. ಎರಡನೆಯವನು ಚುನಾವಣೆಗೆ ನಿಂತಿದ್ದಾನೆ. ಎರಡೂ ಒಂದೇ ಹೇಗಾಗುತ್ತದೆ? ಬೆಟ್ಟದ ತುತ್ತತುದಿ ಅಂತೀವಿ. ಮಧುಗಿರಿ ಬೆಟ್ಟ ಹತ್ತಿದವರನ್ನು ಕೇಳಿ, ತುದಿ ಬೇರೆ, ತುತ್ತತುದಿ ಬೇರೆ. ನಡುವೆ ಎಷ್ಟು ಉಸಿರು ಹೋಗುತ್ತದೆ ಅಂತ ಅವರಿಗೆ ಗೊತ್ತು.

ಹಾಗಾದರೆ ನನ್ನ ತೀರ್ಪು ಇದು. ಎರಡರಲ್ಲಿ ಒಂದನ್ನು ತೆಗೆದು ನೋಡಿ. ಅರ್ಥ ಬದಲಾದರೆ ಅಥವಾ ಮಾತು ಸಪ್ಪೆಯಾದರೆ, ಅದು ಒಂದೇ ಮಾತು. ಬಜರ್ ಒತ್ತಬೇಡಿ. ಏನೂ ಬದಲಾಗದಿದ್ದರೆ ಒತ್ತಿ. ಬ್ಯಾಂಕಿನವರ ಭಯಕ್ಕೂ ಉತ್ತರ ಇದರಲ್ಲೇ ಇದೆ. ‘ನಿಧಾನ ನಿಧಾನ’ ಸರಿ, ಮೂರನೆಯ ನಿಧಾನಕ್ಕೆ ಬಜರ್. ಒಂದು ಜೋಡಿಯನ್ನು ಒಂದು ನಿಮಿಷದಲ್ಲಿ ಒಮ್ಮೆ ಮಾತ್ರ ಬಳಸಬೇಕು. ಅಣ್ಣನ ‘ಬಿಸಿ ಬಿಸಿ’ ಸರಿ. ‘ಒಂದರ ಮೇಲೊಂದು’ ಕೂಡ ಸರಿ, ಆದರೆ ಅದನ್ನು ಹಿಡಿದ ಹುಡುಗಿಗೆ ಒಂದು ಅಂಕ ಕೊಡಬೇಕು.

ಆದರೆ ವಿಭಕ್ತಿ ವಿಷಯದಲ್ಲಿ ನಾನು ಬಿಗಿ. ಇಂಗ್ಲಿಷ್ ಆಟದಲ್ಲಿ ಏಕವಚನ ಬೇರೆ, ಬಹುವಚನ ಬೇರೆ ಅಂತ ಬಿಡುತ್ತಾರೆ. ನಾವು ಹಾಗೆ ಬಿಟ್ಟರೆ ಕೆಟ್ಟೆವು. ಬಸ್ಸು, ಬಸ್ಸಿಗೆ, ಬಸ್ಸಲ್ಲಿ, ಬಸ್ಸಿಂದ ಅಂತ ಒಬ್ಬ ತುಮಕೂರಿನಿಂದ ಪಾವಗಡದವರೆಗೂ ಹೋಗಿಬಿಡುತ್ತಾನೆ. ಬಾಲ ಬದಲಾದರೂ ಬಸ್ಸು ಬಸ್ಸೇ. ‘ಅಂತ’, ‘ಮತ್ತೆ’, ‘ಆದರೆ’ ಇಂಥ ಸಣ್ಣಪುಟ್ಟ ಮಾತು ಬೇಕಾದರೆ ಬಿಟ್ಟುಬಿಡಿ.

ಅಧ್ಯಕ್ಷರಿಂದ ಚೀಟಿ ಬಂದಿದೆ. ಐದು ನಿಮಿಷ ಅಂತ ಬರೆದಿದ್ದಾರೆ. ಹಾಳೆಯಲ್ಲಿ ಇನ್ನೂ ಬಹಳ ಇದೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಶುರು ಮಾಡಿದ್ದು, ಆಕಾಶವಾಣಿಯ ಹಾಸ್ಯ ನಾಟಕಗಳು, ಎಲ್ಲವನ್ನೂ ಹೇಳಬೇಕೆಂದಿದ್ದೆ. ಇನ್ನೊಂದು ದಿನ ಹೇಳೋಣ.

ಗುಬ್ಬಿಯನ್ನು ಮಾತ್ರ ಬಿಡುವುದಕ್ಕೆ ಆಗುವುದಿಲ್ಲ. ಈ ಜಿಲ್ಲೆಯಲ್ಲಿ ನಿಂತು ಹಾಸ್ಯದ ಮಾತಾಡುತ್ತಾ ಗುಬ್ಬಿ ವೀರಣ್ಣನವರನ್ನು ನೆನೆಯದೆ ಇರುವುದು ಹೇಗೆ? 1884ರಲ್ಲಿ ಕಟ್ಟಿದ ಗುಬ್ಬಿ ಕಂಪನಿಗೆ ಅವರು ಹುಡುಗನಾಗಿ ಸೇರಿದರು. ಹಾಸ್ಯ ಪಾತ್ರಗಳಿಂದಲೇ ಜನರ ಮನಸ್ಸು ಗೆದ್ದರು. ತಿಪಟೂರಿನ ನರಸಿಂಹರಾಜು ಅವರೂ ಆ ಕಂಪನಿಯಲ್ಲಿ ಪಳಗಿದವರೇ. ಕಂಪನಿ ನಾಟಕದ ಸಭಿಕರು ಸುಮ್ನೆ ಕೂರುತ್ತಿರಲಿಲ್ಲ. ಹಿಡಿಸಿದರೆ ‘ಒನ್ಸ್ ಮೋರ್’ ಅಂತ ಕೂಗುತ್ತಿದ್ದರು, ಹಾಡಿದವರು ಮತ್ತೆ ಹಾಡಬೇಕಾಗುತ್ತಿತ್ತು. ಹಿಡಿಸದಿದ್ದರೆ ಅದನ್ನೂ ಮುಖದ ಮೇಲೆ ಹೇಳುತ್ತಿದ್ದರು. ನೀವು ಅವರ ಮೊಮ್ಮಕ್ಕಳು. ವಾದ ಮಾಡುವುದು ನಿಮಗೆ ಹೊಸದಲ್ಲ.

ಇನ್ನೊಂದು, ಚುಟುಕಾಗಿ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2001ರಲ್ಲಿ ‘ನಮ್ಮ ಧ್ವನಿ’ ಅನ್ನುವ ಊರಿನವರದೇ ರೇಡಿಯೋ ಶುರುವಾಯಿತು. ಆಗ ಹಳ್ಳಿಯ ಜನರಿಗೆ ಗಾಳಿಯಲ್ಲಿ ಪ್ರಸಾರ ಮಾಡುವ ಲೈಸೆನ್ಸ್ ಸಿಗುತ್ತಿರಲಿಲ್ಲ. ಅವರು ಬಿಡಲಿಲ್ಲ. ಕೇಬಲ್ ಎಳೆದು ಮನೆಗಳಿಗೆ ದನಿ ಮುಟ್ಟಿಸಿದರು. ಹಳ್ಳಿಯ ಸಂಘ ಸಂಸ್ಥೆಗಳೂ ಸಮುದಾಯ ರೇಡಿಯೋ ನಡೆಸಬಹುದು ಅಂತ ಸರ್ಕಾರದ ನೀತಿ ಬಂದಿದ್ದು 2006ರಲ್ಲಿ. ಊರಿನವರ ದನಿ ಊರಿನವರಿಗೆ ಕೇಳಲಿ ಅಂತ ಅಷ್ಟು ಕಷ್ಟಪಟ್ಟಿದ್ದಾರೆ. ಈಗ ಆ ದನಿ ಸಿಕ್ಕಿದೆ. ಎರಡು ಜನ ಜೋರಾಗಿ ಮಾತಾಡಿದರು ಅಂತ ಅದನ್ನು ಮುಚ್ಚೋಣ ಅನ್ನುವುದು ನ್ಯಾಯವಾ, ನೀವೇ ಹೇಳಿ.

ಕೊನೆಗೆ ನನ್ನ ಬೇಡಿಕೆಗಳು. ಆಟ ನಿಲ್ಲಬಾರದು. ಪ್ರತಿ ಕಂತಿನ ಕೊನೆಯಲ್ಲಿ ಕೇಳುಗರ ಆಕ್ಷೇಪಕ್ಕೆ ಐದು ನಿಮಿಷ ಇಡಿ. ಆಕ್ಷೇಪ ಕಳಿಸುವವರು ‘ಬೋರ್ ಆಯ್ತು’ ಅಂತ ಬರೆಯಬಾರದು, ಯಾವ ಮಾತು ಅಂತ ಬರೆಯಬೇಕು. ದ್ವಿರುಕ್ತಿ ನಿಯಮವನ್ನು ಸಂಘದ ಸಭೆಯಲ್ಲಿ ಮತಕ್ಕೆ ಹಾಕಿ. ನಾನು ಸೋತರೂ ಸರಿ, ಆದರೆ ಮತಕ್ಕೆ ಹಾಕಿ. ಕ್ಯಾತ್ಸಂದ್ರದ ಅಣ್ಣನಿಗೆ ಮುಂದಿನ ಕಂತಿನಲ್ಲಿ ಬೇರೆ ವಿಷಯ ಕೊಡಿ, ಕೊಬ್ಬರಿಯೋ ಹುಣಸೆಯೋ ಏನಾದರೂ. ಇಡ್ಲಿ ಅವರಿಗೆ ಸಲೀಸು.

ಈಗ ಪ್ರಶ್ನೆಗಳು. ಮೈಕ್ ಮೊದಲು ಶಿರಾದ ಮೇಡಂಗೆ ಕೊಡಿ, ಅವರು ಆಗಲೇ ಎದ್ದು ನಿಂತಿದ್ದಾರೆ.