ಪ್ರಾಡೊದಲ್ಲಿ ಒಂದು ಹಗಲು

ಕೇಳುಗರಿಗೆ ನಮಸ್ಕಾರ.

ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ಗೆ ಹೋದವರು ಅಲ್ಲಿನ ಪ್ರಾಡೊ ಕಲಾಸಂಗ್ರಹಾಲಯಕ್ಕೆ ಇಡೀ ಒಂದು ದಿನವನ್ನು ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ; ಆದರೆ ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ. 1819ರಲ್ಲಿ ಬಾಗಿಲು ತೆರೆದ ಈ ಸಂಗ್ರಹಾಲಯದ ತಿರುಳೆಂದರೆ ಸ್ಪೇನಿನ ಅರಸರು ತಮ್ಮ ಅರಮನೆಗಳಿಗಾಗಿ ಕೂಡಿಸಿಟ್ಟ ಚಿತ್ರಗಳು. ಎರಡನೆಯ ಫಿಲಿಪ್ ಟಿಷಿಯನ್‌ನನ್ನು ಮೆಚ್ಚಿದ, ನಾಲ್ಕನೆಯ ಫಿಲಿಪ್ ರೂಬೆನ್ಸ್ ಮತ್ತು ವೆಲಾಸ್ಕೆಜ್‌ರನ್ನು ಮೆಚ್ಚಿದ. ಹೀಗಾಗಿ ಕಲೆಯ ಚರಿತ್ರೆಯನ್ನು ಆದಿಯಿಂದ ಅಂತ್ಯದವರೆಗೆ ತಿಳಿಯಬೇಕೆಂದು ಬಂದವರಿಗೆ ಇಲ್ಲಿ ಹಲವು ಕೊರತೆಗಳು ಕಾಣುತ್ತವೆ. ಅರಸರಿಗೆ ಒಲಿದ ಕಲಾವಿದರು ಮಾತ್ರ ಬೇರೆಲ್ಲೂ ಸಿಗದಷ್ಟು ಧಾರಾಳವಾಗಿ ಸಿಗುತ್ತಾರೆ. ವೆಲಾಸ್ಕೆಜ್‌ನ ಚಿತ್ರಗಳೇ ಸುಮಾರು 50 ಇವೆ.

ಆದ್ದರಿಂದ ಬೆಳಗಿನ ಹೊತ್ತನ್ನು ಅವನಿಗೇ ಕೊಡಬೇಕು. 1656ರ ‘ಲಾಸ್ ಮೆನಿನಾಸ್’ ಮೂರು ಮೀಟರಿಗೂ ಮಿಕ್ಕಿದ ಎತ್ತರದ ಚಿತ್ರ. ನಡುವೆ ಪುಟ್ಟ ರಾಜಕುಮಾರಿ ಮಾರ್ಗರಿಟಾ ನಿಂತಿದ್ದಾಳೆ. ಪಕ್ಕದಲ್ಲಿ ಮಂಡಿಯೂರಿದ ಸಖಿಯೊಬ್ಬಳು ತಟ್ಟೆಯ ಮೇಲೆ ಕೆಂಪು ಮಣ್ಣಿನ ಪುಟ್ಟ ಕುಡಿಕೆಯನ್ನಿಟ್ಟು ಅವಳತ್ತ ಚಾಚಿದ್ದಾಳೆ. ದೂರದಿಂದ ನೋಡಿದರೆ ರಾಜಕುಮಾರಿಯ ಉಡುಪಿನ ರೇಷ್ಮೆ ಮಿರುಗುತ್ತದೆ. ಹತ್ತಿರ ಹೋದಂತೆ ಅದು ಕರಗಿ, ಅವಸರದಲ್ಲಿ ಎಳೆದಂತಿರುವ ಬೂದು, ಬಿಳಿ, ಕೆಂಪು ಬಣ್ಣದ ಗೀಟುಗಳಷ್ಟೇ ಉಳಿಯುತ್ತವೆ. ಯಾವ ಹೆಜ್ಜೆಯಲ್ಲಿ ಬಣ್ಣವು ಬಟ್ಟೆಯಾಯಿತೆಂದು ಹುಡುಕುತ್ತ ಹಿಂದೆ ಮುಂದೆ ನಡೆಯುವುದರಲ್ಲೇ ಅರ್ಧ ಗಂಟೆ ಕಳೆದುಹೋಗುತ್ತದೆ. ಅದೇ ಚಿತ್ರದಲ್ಲಿ ಕುಂಚ ಹಿಡಿದು ನಿಂತಿರುವ ವೆಲಾಸ್ಕೆಜ್‌ನ ಎದೆಯ ಮೇಲಿರುವ ಕೆಂಪು ಶಿಲುಬೆ ಸಾಂತಿಯಾಗೊ ಎಂಬ ನೈಟ್ ಪದವಿಯ ಗುರುತು. ಆ ಪದವಿ ಅವನಿಗೆ ದೊರೆತದ್ದು 1659ರಲ್ಲಿ, ಎಂದರೆ ಶಿಲುಬೆಯನ್ನು ಆಮೇಲೆ ಸೇರಿಸಲಾಗಿದೆ. ಕೋಣೆಗಳಲ್ಲಿ ಫೋಟೋ ತೆಗೆಯಲು ಅನುಮತಿ ಇಲ್ಲವಾದ್ದರಿಂದ ಚಿತ್ರದ ಮುಂದೆ ಮೊಬೈಲುಗಳ ಗೋಡೆ ಏಳುವುದಿಲ್ಲ. ಈ ಕಟ್ಟಳೆಗೆ ಗೊಣಗುವವರೂ ಇದ್ದಾರೆ, ನಾನಂತೂ ಅವರ ಪಕ್ಷದವನಲ್ಲ.

ಊಟದ ನಂತರ ಸ್ಪೇನಿನ ಇನ್ನೊಬ್ಬ ಚಿತ್ರಕಾರ ಗೋಯಾ. ನೆಪೋಲಿಯನ್ನನ ಸೈನಿಕರು ಮ್ಯಾಡ್ರಿಡ್‌ನ ಜನರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕುವ 1814ರ ಚಿತ್ರದಲ್ಲಿ, ಬಿಳಿ ಅಂಗಿ ತೊಟ್ಟು ಕೈಗಳನ್ನು ಎತ್ತಿದವನ ಮುಖ ಕಾಣುತ್ತದೆ, ಕೊಲ್ಲುವವರ ಮುಖಗಳು ಕಾಣುವುದಿಲ್ಲ. ಅದರ ಜೋಡಿ ಚಿತ್ರವನ್ನು ಅಂತರ್ಯುದ್ಧದ ಕಾಲದಲ್ಲಿ ಲಾರಿಯಲ್ಲಿ ಸಾಗಿಸುವಾಗ ಅಪಘಾತವಾಗಿ ಕ್ಯಾನ್ವಾಸ್ ಹರಿದಿತ್ತು. ಮುಪ್ಪಿನಲ್ಲಿ, ಕಿವಿ ಒಂದಿಷ್ಟೂ ಕೇಳದ ಸ್ಥಿತಿಯಲ್ಲಿ, ಗೋಯಾ ತನ್ನ ಮನೆಯ ಗೋಡೆಗಳ ಮೇಲೆಯೇ ಬರೆದ 14 ‘ಕಪ್ಪು ಚಿತ್ರ’ಗಳೂ ಇಲ್ಲಿವೆ. ಯಾರೂ ಬರೆಯಿಸಿದ್ದಲ್ಲ, ಯಾರಿಗೆಂದು ಬರೆದದ್ದೂ ಅಲ್ಲ. ಅವನು ಸತ್ತು ದಶಕಗಳಾದ ಮೇಲೆ ಅವನ್ನು ಗೋಡೆಯಿಂದ ಕ್ಯಾನ್ವಾಸಿಗೆ ಇಳಿಸಲಾಯಿತು. ಅರಸರ ಅಭಿರುಚಿಯಿಂದ ಬೆಳೆದ ಸಂಗ್ರಹದಲ್ಲಿ, ಯಾವ ಅರಸನೂ ಬಯಸದ ಈ ಚಿತ್ರಗಳಿಗೆ ಜಾಗ ಸಿಕ್ಕಿರುವುದು ನನಗೆ ಸೋಜಿಗವೆನಿಸುತ್ತದೆ.

ಸೋಮವಾರದಿಂದ ಶನಿವಾರದವರೆಗೆ ಸಂಜೆ 6ರಿಂದ 8ರ ತನಕ ಪ್ರವೇಶ ಉಚಿತ. ಆದರೆ ಆ ಹೊತ್ತಿಗೆ ಸಾಲು ಬಹಳ ಉದ್ದವಿರುತ್ತದೆ. ಬಿಡುವಾಗಿ ನೋಡಬಯಸುವವರು ಹಣ ಕೊಟ್ಟು ಬೆಳಿಗ್ಗೆಯೇ ಒಳಗೆ ಹೋಗುವುದು ಲೇಸು. ಪಿಕಾಸೊನ ‘ಗೆರ್ನಿಕಾ’ ಎಲ್ಲಿದೆಯೆಂದು ಇಲ್ಲಿ ಕೇಳಿ ಪ್ರಯೋಜನವಿಲ್ಲ. ಅದು ಸ್ವಲ್ಪ ದೂರದ ರೈನಾ ಸೊಫಿಯಾ ಸಂಗ್ರಹಾಲಯದಲ್ಲಿದೆ. ಅದಕ್ಕೆ ಇನ್ನೊಂದು ದಿನವನ್ನೇ ಇಟ್ಟುಕೊಳ್ಳಬೇಕು.