ಕೆರೆ ಸಂಘದ ಮೀಟಿಂಗ್ ಕಾಲುವೆ ಬಾಯಲ್ಲಿ ನಡೆಯಲಿ

ನಮಸ್ಕಾರ. ಇವತ್ತು ಕೆರೆ ಸಂಘಗಳ ಬಗ್ಗೆ ಮಾತಾಡಬೇಕು ಅಂತ ಕೂತಿದ್ದೇನೆ. ಬೆಂಗಳೂರಿನಲ್ಲಿ ಕೆರೆ ಹತ್ತಿರ ಮನೆ ಮಾಡಿರುವವರ ಫೋನಿನಲ್ಲಿ ‘ನಮ್ಮ ಕೆರೆ’ ಅಂತ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಇದ್ದೇ ಇರುತ್ತದೆ. ಬೆಳಗಿನ ಸೂರ್ಯನ ಫೋಟೋ, ನೀರುಕಾಗೆ ಫೋಟೋ, ಮುರಿದ ಬೆಂಚಿನ ಫೋಟೋ. ನಾನೂ ಅಂಥ ಒಂದು ಸಂಘದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಅಷ್ಟು ವರ್ಷದ ಮೀಟಿಂಗುಗಳು ಕಲಿಸದ್ದನ್ನು ಒಂದು ಬೆಳಿಗ್ಗೆ ಕಲಿಸಿತು. ಮೊದಲು ಅದನ್ನು ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ, ಏಪ್ರಿಲ್ ಕೊನೆ. ಹಿಂದಿನ ರಾತ್ರಿ ವರ್ಷದ ಮೊದಲ ಜೋರು ಮಳೆ ಬಿದ್ದಿತ್ತು. ಬೆಳಿಗ್ಗೆ ಐದೂವರೆಗೆ ಫೋನ್ ಬಂತು. ನಮ್ಮ ಕೆರೆಯಲ್ಲಿ ಮೀನು ಹಿಡಿಯುವ ಅಣ್ಣ. ‘ಅಕ್ಕಾ, ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಇದಾವೆ. ಬೇಗ ಬನ್ನಿ’ ಅಂದರು.

ಓಡಿಹೋದೆ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಏರಿ ಮೇಲೆ ನಿಂತರೆ ಮೊದಲು ಕೇಳಿಸಿದ್ದು ಸದ್ದು. ಪಟ್, ಪಟ್, ಪಟ್. ಸಣ್ಣ ಮಳೆಹನಿ ನೀರಿಗೆ ಬಿದ್ದ ಹಾಗೆ. ಮಳೆ ನಿಂತು ಎಷ್ಟೋ ಹೊತ್ತಾಗಿತ್ತು. ಟಾರ್ಚ್ ಬಿಟ್ಟು ನೋಡಿದರೆ ನೀರಿನ ಮೇಲೆಲ್ಲ ಪುಟ್ಟ ಪುಟ್ಟ ದುಂಡು ಬಾಯಿಗಳು. ಕಾಟ್ಲಾ, ರೋಹು, ಜಿಲೇಬಿ ಮೀನು, ಎಲ್ಲ ಒಟ್ಟಿಗೆ ಮೂತಿ ಮೇಲೆ ಮಾಡಿ ಉಸಿರಿಗೆ ಒದ್ದಾಡುತ್ತಿದ್ದವು. ಎಂಟು ಗಂಟೆಯ ಹೊತ್ತಿಗೆ ತೂಬಿನ ಮೂಲೆಯಲ್ಲಿ ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆ ಅಣ್ಣ ಏರಿ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದರು. ಅವರ ಆ ವರ್ಷದ ದುಡಿಮೆಯೆಲ್ಲ ಅಲ್ಲಿ ತೇಲುತ್ತಿತ್ತು.

ಇದು ಯಾಕೆ ಆಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೊಚ್ಚೆ ನೀರಿನಲ್ಲಿ, ಬಟ್ಟೆ ಒಗೆದ ನೀರಿನಲ್ಲಿ ರಂಜಕ, ಸಾರಜನಕ ಜಾಸ್ತಿ ಇರುತ್ತದೆ. ಅದು ಪಾಚಿಗೆ ಗೊಬ್ಬರ. ಪಾಚಿ ಹಗಲು ಹೊತ್ತು ಬಿಸಿಲಿಗೆ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡಿ, ನೀರಿನಲ್ಲಿರುವ ಆಮ್ಲಜನಕವನ್ನು ಖಾಲಿ ಮಾಡುತ್ತದೆ. ಹಾಗಾಗಿ ಕೆರೆಗೆ ಅತಿ ಕಷ್ಟದ ಹೊತ್ತು ಅಂದರೆ ಬೆಳಗಿನ ಜಾವ. ಇದರ ಮೇಲೆ ಮೊದಲ ಮಳೆ. ಬೇಸಿಗೆಯಿಡೀ ರಾಜಕಾಲುವೆಯಲ್ಲಿ, ಅಂದರೆ ಮಳೆ ನೀರನ್ನು ಕೆರೆಗೆ ತರುವ ದೊಡ್ಡ ಕಾಲುವೆಯಲ್ಲಿ, ಕೂತು ಕೊಳೆತ ಹೂಳನ್ನೆಲ್ಲ ಅದು ಒಂದೇ ಏಟಿಗೆ ಕೆರೆಗೆ ತಂದು ಸುರಿಯುತ್ತದೆ. ಆ ಕೊಳಕನ್ನು ಕರಗಿಸುವ ಸೂಕ್ಷ್ಮಜೀವಿಗಳು ಉಳಿದಿದ್ದ ಆಮ್ಲಜನಕವನ್ನೂ ಎಳೆದುಕೊಳ್ಳುತ್ತವೆ. ಮೀನಿಗೆ ಏನೂ ಉಳಿಯುವುದಿಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನಿಮಗೆ ನೆನಪಿರಬಹುದು. ಅಲ್ಲೂ ಮಾತೆಲ್ಲ ಬಂದು ನಿಂತಿದ್ದು ಕೊಚ್ಚೆ ನೀರು ಮತ್ತು ಆಮ್ಲಜನಕದ ಹತ್ತಿರವೇ.

ಆ ತಿಂಗಳು ನಮ್ಮ ಸಂಘ ಏನು ಮಾಡುತ್ತಿತ್ತು ಗೊತ್ತಾ? ಕೆರೆ ಹಬ್ಬದ ತಯಾರಿ. ಸ್ಟೇಜ್ ಎಲ್ಲಿ, ಮೈಕ್ ಯಾರದು, ಮಕ್ಕಳ ಚಿತ್ರಕಲಾ ಸ್ಪರ್ಧೆಗೆ ಬಹುಮಾನ ಏನು. ಅದಕ್ಕೂ ಮುಂಚಿನ ಎರಡು ಮೀಟಿಂಗ್ ವಾಕಿಂಗ್ ಟ್ರ್ಯಾಕಿನ ಗೇಟ್ ಎಷ್ಟು ಗಂಟೆಗೆ ತೆಗೆಯಬೇಕು ಅನ್ನುವುದರಲ್ಲೇ ಮುಗಿದಿದ್ದವು. ನಾನು ಆ ಎಲ್ಲ ಮೀಟಿಂಗಿನಲ್ಲೂ ಇದ್ದೆ. ಎಲ್ಲಕ್ಕೂ ತಲೆ ಆಡಿಸಿದ್ದೆ. ಕೆರೆಗೆ ನೀರು ಒಳಗೆ ಬರುವ ಜಾಗಕ್ಕೆ ನಮ್ಮಲ್ಲಿ ಯಾರೂ ತಿಂಗಳುಗಟ್ಟಲೆ ಹೋಗಿರಲಿಲ್ಲ. ಅಲ್ಲಿ ಟ್ರ್ಯಾಕ್ ಇಲ್ಲ, ಬೆಂಚ್ ಇಲ್ಲ, ವಾಸನೆ ಬೇರೆ.

ಮೀನು ಸತ್ತ ದಿನ ಮಧ್ಯಾಹ್ನ ಐದಾರು ಜನ ಕಾಲುವೆ ಹಿಡಿದು ಮೇಲಕ್ಕೆ ನಡೆದೆವು. ಹೆಚ್ಚು ದೂರ ಹೋಗಬೇಕಾಗಲಿಲ್ಲ. ಒಂದು ಮ್ಯಾನ್‌ಹೋಲಿನ ಮುಚ್ಚಳ ಒಂದು ಕಡೆ ಎದ್ದು, ಸಂದಿಯಿಂದ ಕಪ್ಪು ನೀರು ಉಕ್ಕಿ ಕಾಲುವೆಗೆ ಇಳಿಯುತ್ತಿತ್ತು. ಅದರಿಂದ ಇನ್ನೊಂದಿಷ್ಟು ಮುಂದೆ, ಒಂದು ದೊಡ್ಡ ಅಪಾರ್ಟ್‌ಮೆಂಟಿನ ಕಾಂಪೌಂಡ್ ಕೆಳಗಿನಿಂದ ಮೊಣಕೈ ದಪ್ಪದ ಪೈಪ್. ಅದರ ಬಾಯಿಗೆ ಬೇವಿನ ಸೊಪ್ಪು ತುರುಕಿದ್ದರು, ಮೇಲಿನಿಂದ ನೋಡಿದರೆ ಕಾಣಬಾರದು ಅಂತ. ಸೊಪ್ಪು ಒಣಗಿ ಹೋಗಿತ್ತು. ಪೈಪ್ ಅವತ್ತು ನಿನ್ನೆ ಹಾಕಿದ್ದಲ್ಲ ಅಂತ ಅದರಿಂದಲೇ ಗೊತ್ತಾಯಿತು. ಆ ಅಪಾರ್ಟ್‌ಮೆಂಟಿನ ಇಬ್ಬರು ನಮ್ಮ ಸಂಘದ ಸದಸ್ಯರು. ಅವರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಎಸ್‌ಟಿಪಿ, ಅಂದರೆ ಕೊಚ್ಚೆ ನೀರು ಶುದ್ಧ ಮಾಡುವ ಘಟಕದ ರಿಪೇರಿಗೆ ತಮ್ಮ ಅಸೋಸಿಯೇಷನ್ ಜೊತೆ ಜಗಳ ಆಡಿದ್ದೂ ಅವರೇ.

ಅವತ್ತಿನಿಂದ ನಾನು ಒಂದೇ ಮಾತು ಹೇಳಿಕೊಂಡು ಬಂದಿದ್ದೇನೆ. ಕೆರೆ ಸಂಘ ಗೇಟಿನ ಹತ್ತಿರ ಕೂರಬಾರದು. ಕಾಲುವೆ ಬಾಯಲ್ಲಿ, ಅಂದರೆ ನೀರು ಕೆರೆಗೆ ಬಂದು ಬೀಳುವ ಜಾಗದಲ್ಲಿ ಕೂರಬೇಕು. ತಿಂಗಳ ಮೀಟಿಂಗನ್ನು ನಿಜವಾಗಿಯೂ ಅಲ್ಲೇ ಮಾಡಿ ಅಂತ ಹೇಳುತ್ತಿದ್ದೇನೆ. ಮೂಗು ಮುಚ್ಚಿಕೊಂಡಾದರೂ ಸರಿ. ನೀರು ಯಾವ ಬಣ್ಣದಲ್ಲಿ ಬರುತ್ತಿದೆ ಅಂತ ಹತ್ತು ಜನರ ಕಣ್ಣಿಗೆ ಬಿದ್ದರೆ, ಮೀಟಿಂಗಿನ ವಿಷಯ ತಾನೇ ಬದಲಾಗುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಬೆಂಗಳೂರಿನ ಕೆರೆಗಳು ತಾನಾಗಿ ಆದ ಕೆರೆಗಳಲ್ಲ. ಈ ಊರಿನ ಮಧ್ಯೆ ದೊಡ್ಡ ಹೊಳೆ ಹರಿಯುವುದಿಲ್ಲ. ಊರು ಇರುವುದೇ ದಿಣ್ಣೆ ಮೇಲೆ. ಬಿದ್ದ ಮಳೆ ಹೆಬ್ಬಾಳ ಕಣಿವೆ, ಕೋರಮಂಗಲ-ಚಲ್ಲಘಟ್ಟ ಕಣಿವೆ, ವೃಷಭಾವತಿ ಕಣಿವೆ ಅಂತ ಮೂರು ಕಡೆ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಹಿಂದಿನವರು ಏರಿ ಕಟ್ಟಿ ಕಟ್ಟಿ ನೀರು ನಿಲ್ಲಿಸಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದು, ಕಾಲುವೆಯಲ್ಲಿ ಹರಿದು, ಕೆಳಗಿನ ಕೆರೆ. ಅದು ತುಂಬಿದರೆ ಅದರ ಕೆಳಗಿನದು. ಊರೂರಲ್ಲಿ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡುವುದು, ಕಾಲುವೆಯಲ್ಲಿ ಎಲ್ಲಿ ಮಣ್ಣು ಕಟ್ಟಿದೆ, ಎಲ್ಲ ಅವನ ತಲೆಯಲ್ಲಿ. ಅವನ ಕೆಲಸ ಅರ್ಧ ಕೆರೆಯಲ್ಲಿ, ಅರ್ಧ ಕಾಲುವೆಯಲ್ಲಿ.

ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯಿತು, ಸಂಪಂಗಿ ಕೆರೆ ಜಾಗಕ್ಕೆ ಕಂಠೀರವ ಸ್ಟೇಡಿಯಂ ಬಂತು ಅಂತ ನಾವು ಬೇಜಾರು ಮಾಡಿಕೊಳ್ಳುತ್ತೇವೆ. ಸರಿಯೇ. ಆದರೆ ಉಳಿದ ಕೆರೆಗಳ ನಡುವಿನ ಕಾಲುವೆ ಸದ್ದಿಲ್ಲದೆ ಚರಂಡಿ ಆಗಿದ್ದಕ್ಕೆ ನಾವು ಅಷ್ಟು ಬೇಜಾರು ಮಾಡಿಕೊಂಡಿಲ್ಲ. ಕಾಲುವೆಗೆ ಬೇಲಿ ಇಲ್ಲ, ಹೆಸರಿನ ಬೋರ್ಡ್ ಇಲ್ಲ. ಕೆರೆಗೆ ಸಂಘ ಇದೆ, ಕಾಲುವೆಗೆ ಇಲ್ಲ.

ಇನ್ನು ಅಳತೆಯ ವಿಷಯ. ಕೆರೆ ಚೆನ್ನಾಗಿದೆ ಅಂತ ಯಾವುದನ್ನು ನೋಡಿ ಹೇಳುತ್ತೇವೆ? ಟ್ರ್ಯಾಕ್ ನೋಡಿ, ಲೈಟ್ ನೋಡಿ, ಕಾರಂಜಿ ನೋಡಿ. ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆ ನೀರನ್ನು ಪರೀಕ್ಷೆ ಮಾಡಿ ಎ ಇಂದ ಇ ವರೆಗೆ ದರ್ಜೆ ಕೊಡುತ್ತದೆ. ಮೀನು, ಪ್ರಾಣಿ ಪಕ್ಷಿ ಬದುಕಬೇಕು ಅಂದರೆ ಡಿ ದರ್ಜೆ ಬೇಕು. ಅದಕ್ಕೆ ಒಂದು ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. ಇ ಅಂದರೆ ಹೊಲಕ್ಕೆ ಬಿಡಬಹುದು, ಕಾರ್ಖಾನೆಯಲ್ಲಿ ಯಂತ್ರ ತಣ್ಣಗೆ ಮಾಡಲು ಬಳಸಬಹುದು, ಅಷ್ಟೇ. ನಿಮ್ಮ ಕೆರೆ ಡಿ ನಾ, ಇ ನಾ? ನಿಮ್ಮ ಸಂಘದಲ್ಲಿ ಎಷ್ಟು ಜನಕ್ಕೆ ಗೊತ್ತು? ಮೀನು ಸಾಯುವ ಮುಂಚೆ ನನಗೂ ಗೊತ್ತಿರಲಿಲ್ಲ.

ನಾನು ಕೆರೆ ಹಬ್ಬದ ವಿರುದ್ಧ ಇಲ್ಲ. ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಜನ ಸೇರದೆ ಯಾವ ಕೆರೆಯೂ ಉಳಿಯುವುದಿಲ್ಲ. ಮಕ್ಕಳು ಬರಬೇಕು, ಹಾಡಬೇಕು, ಹಕ್ಕಿ ನೋಡಬೇಕು. ಆದರೆ ಆ ಸಂಭ್ರಮದಲ್ಲಿ ನೀರಿಗೂ ಒಂದು ಪಾಲು ಇರಲಿ. ನಾವು ಈಗ ಚಿತ್ರಕಲೆಯ ಜೊತೆಗೆ ಇನ್ನೊಂದು ಆಟ ಶುರು ಮಾಡಿದ್ದೇವೆ. ಊಟದ ತಟ್ಟೆಯ ಅಗಲದ ಒಂದು ಬಿಲ್ಲೆ. ನಾಲ್ಕು ಭಾಗ ಮಾಡಿ ಎದುರುಬದುರು ಕಪ್ಪು, ಬಿಳಿ ಬಣ್ಣ. ನಡುವೆ ತೂತು ಮಾಡಿ ಹಗ್ಗ, ಕೆಳಗೆ ಭಾರಕ್ಕೆ ಒಂದು ಕಲ್ಲು. ಹಗ್ಗಕ್ಕೆ ಹತ್ತು ಹತ್ತು ಸೆಂಟಿಮೀಟರಿಗೆ ಗಂಟು. ನೀರಿಗೆ ಇಳಿಬಿಡುತ್ತಾ ಹೋಗುವುದು, ಬಿಲ್ಲೆ ಕಣ್ಣಿಗೆ ಮರೆಯಾದಾಗ ಎಷ್ಟನೇ ಗಂಟು ಅಂತ ಬರೆದುಕೊಳ್ಳುವುದು. ಇದಕ್ಕೆ ಸೆಕ್ಕಿ ಡಿಸ್ಕ್ ಅಂತ ಹೆಸರು. 1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಅನ್ನುವ ಪಾದ್ರಿ, ಖಗೋಳ ವಿಜ್ಞಾನಿ ಕೂಡ, ಸಮುದ್ರದಲ್ಲಿ ಹೀಗೆ ಬಿಲ್ಲೆ ಇಳಿಸಿ ನೋಡಿದ್ದರು. ಇವತ್ತಿಗೂ ಜಗತ್ತಿನ ಕೆರೆಗಳಲ್ಲಿ ಇದೇ ನಡೆಯುತ್ತಿದೆ. ಖರ್ಚು ಹೆಚ್ಚೇನೂ ಇಲ್ಲ. ನಮ್ಮಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಪ್ರತಿ ತಿಂಗಳ ಎರಡನೇ ಶನಿವಾರ ಇದನ್ನು ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಮೊದಲ ಸಲ ಎರಡನೇ ಗಂಟಿಗೇ ಬಿಲ್ಲೆ ಕಾಣೆ. ಈ ವರ್ಷ ಜನವರಿಯಲ್ಲಿ ಐದನೇ ಗಂಟು. ಅವತ್ತು ಅವಳು ‘ಆಂಟಿ, ಐದು! ಐದು!’ ಅಂತ ಏರಿಯ ಉದ್ದಕ್ಕೂ ಓಡಿದಳು.

ಸಂಘದಲ್ಲಿ ಯಾರು ಇರಬೇಕು ಅನ್ನುವುದೂ ಇದರಲ್ಲೇ ಬರುತ್ತದೆ. ಮೀನು ಒದ್ದಾಡುತ್ತಿರುವುದನ್ನು ಮೊದಲು ನೋಡಿದ್ದು ಸಂಘದ ಸದಸ್ಯರಲ್ಲ, ಮೀನು ಹಿಡಿಯುವ ಅಣ್ಣ. ಕಾಲುವೆ ಬಾಯಲ್ಲಿ ವಾಸನೆ ಬದಲಾಗಿದೆ ಅಂತ ಎರಡು ವಾರದಿಂದ ಹೇಳುತ್ತಿದ್ದವರು ಹಸುವಿಗೆ ಹುಲ್ಲು ಕೊಯ್ಯಲು ಬರುವ ಒಬ್ಬ ಅಜ್ಜಿ. ಅವರು ಅದನ್ನು ಸೆಕ್ಯುರಿಟಿಗೆ ಹೇಳಿದ್ದರು. ಸೆಕ್ಯುರಿಟಿ ಯಾರಿಗೆ ಹೇಳಬೇಕು? ಅವರು ನಮ್ಮ ಗ್ರೂಪಿನಲ್ಲಿ ಇರಲಿಲ್ಲ. ನಮ್ಮ ಮೀಟಿಂಗ್ ಭಾನುವಾರ ಬೆಳಿಗ್ಗೆ ಎಂಟಕ್ಕೆ, ಇಂಗ್ಲಿಷಿನಲ್ಲಿ. ಅಜ್ಜಿಗೆ ಅದು ಹಾಲು ಕರೆದು ಹಾಕುವ ಹೊತ್ತು. ಈಗ ಮೀಟಿಂಗ್ ಸಂಜೆಗೆ ಬಂದಿದೆ, ಕನ್ನಡದಲ್ಲಿ ನಡೆಯುತ್ತದೆ. ಅಜ್ಜಿ ಬರುತ್ತಾರೆ. ಬಂದರೆ ಎರಡೇ ಮಾತು ಆಡುತ್ತಾರೆ, ಎರಡೂ ಬರೆದಿಟ್ಟುಕೊಳ್ಳುವಂಥವು.

ಒಳ್ಳೆಯ ಉದಾಹರಣೆಗಳೂ ಇವೆ. ಜಕ್ಕೂರು ಕೆರೆಗೆ ಹೋಗಿ ನೋಡಿ. ಅಲ್ಲಿ ಕೊಚ್ಚೆ ನೀರು ಮೊದಲು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿಂದ ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಸೋಸಿಕೊಂಡು ಆಮೇಲೆ ಕೆರೆ ಸೇರುತ್ತದೆ. ಅಂದರೆ ಕೆಲಸ ನಡೆದಿರುವುದು ಕಾಲುವೆ ಬಾಯಲ್ಲೇ. ಜೆಪಿ ನಗರದ ಪುಟ್ಟೇನಹಳ್ಳಿ ಕೆರೆಯನ್ನು ಅಕ್ಕಪಕ್ಕದ ನಿವಾಸಿಗಳೇ ಟ್ರಸ್ಟ್ ಮಾಡಿಕೊಂಡು, 2011ರಲ್ಲಿ ಪಾಲಿಕೆ ಜೊತೆ ಒಪ್ಪಂದ ಮಾಡಿಕೊಂಡು ನೋಡಿಕೊಂಡರು. ಕೆರೆ ಕಾಯುವುದು ಬರೀ ಸರ್ಕಾರದ ಕೈಲಿ ಆಗುವ ಕೆಲಸ ಅಲ್ಲ, ಬರೀ ನಮ್ಮ ಕೈಲೂ ಆಗುವುದಿಲ್ಲ. ಕೊಚ್ಚೆ ನೀರಿನ ಕೊಳವೆ ಜಲಮಂಡಳಿಯದು, ಕಾಲುವೆ ಪಾಲಿಕೆಯದು, ಮೀನಿನ ಟೆಂಡರ್ ಮೀನುಗಾರಿಕೆ ಇಲಾಖೆಯದು. ಈ ಮೂರೂ ಕಡೆಯವರನ್ನು ಒಂದೇ ದಿನ ಒಂದೇ ಜಾಗದಲ್ಲಿ ನಿಲ್ಲಿಸುವ ಕೆಲಸವನ್ನು ಸಂಘ ಅಲ್ಲದೆ ಇನ್ಯಾರೂ ಮಾಡುವುದಿಲ್ಲ.

ಇನ್ನೊಂದು ವಿಷಯ ಇದೆ. ನನಗೆ ಇದನ್ನು ಹೇಳುವುದು ಕಷ್ಟ.

ಮೀನು ಸತ್ತ ಮೇಲೆ ನಾವು ಹಟ ಹಿಡಿದೆವು. ಪತ್ರ ಬರೆದೆವು, ಕಚೇರಿ ಸುತ್ತಿದೆವು. ಕೊನೆಗೆ ಕೆರೆ ಪಕ್ಕದಲ್ಲೇ ಒಂದು ಡೈವರ್ಷನ್ ಚಾನಲ್ ಆಯಿತು. ಕೊಚ್ಚೆ ನೀರು ಕೆರೆಗೆ ಬರದೆ, ಪಕ್ಕದಿಂದ ಹಾದು ಕೋಡಿಯ ಆಚೆ ಹೋಗಿ ಬೀಳುತ್ತದೆ. ಸಿಹಿ ಹಂಚಿದೆವು. ನಮ್ಮ ನೀರು ತಿಳಿಯಾಯಿತು. ಆ ಐದನೇ ಗಂಟು ಬಂದಿದ್ದು ಹಾಗೆ.

ನಾಲ್ಕು ತಿಂಗಳ ಮೇಲೆ ಕೆಳಗಿನ ಕೆರೆಯ ಸಂಘದವರೊಬ್ಬರು ಸಿಕ್ಕಿದರು. ಕೋಪ ಇರಲಿಲ್ಲ ಅವರ ದನಿಯಲ್ಲಿ. ‘ಮೇಡಂ, ನಿಮ್ಮ ಕೆರೆ ಚೆನ್ನಾಗಾಗಿದೆ ಅಂತ ಕೇಳಿದೆ, ಸಂತೋಷ. ನಮ್ಮದು ಒಂದ್ಸಲ ಬಂದು ನೋಡಿ’ ಅಂದರು. ಹೋದೆ. ನಮ್ಮ ಕಪ್ಪು ನೀರು ಅಲ್ಲಿತ್ತು. ಅದೇ ಬಣ್ಣ, ಅದೇ ವಾಸನೆ. ನೇರಳೆ ಹೂವಿನ ಆ ಕಳೆ, ವಾಟರ್ ಹಯಸಿಂತ್, ಅರ್ಧ ಕೆರೆ ಮುಚ್ಚಿತ್ತು. ಕೊಳಕು ನೀರು ಸಿಕ್ಕರೆ ಅದು ಎರಡು ವಾರದಲ್ಲಿ ದುಪ್ಪಟ್ಟಾಗುತ್ತದೆ. ನಮ್ಮ ಕೋಡಿ ಅಂದರೆ ಅವರ ಕಾಲುವೆ ಬಾಯಿ ಅನ್ನುವುದನ್ನು ಅಲ್ಲಿ ನಿಂತಾಗ ಮೊದಲ ಸಲ ಯೋಚಿಸಿದೆ.

ಬೆಳ್ಳಂದೂರು ಕೆರೆಗೆ 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಂಕಿ ಬಿದ್ದಾಗ ನಾವೆಲ್ಲ ಟಿವಿ ಮುಂದೆ ಕೂತು ‘ಛೆ’ ಅಂದಿದ್ದೆವು. ಆ ಕೆರೆ ಸುಮಾರು 900 ಎಕರೆ. ಕಣಿವೆಯ ಕೆಳಗೆ ಇದೆ. ಮೇಲಿನ ಎಷ್ಟೋ ಬಡಾವಣೆಗಳು ಕೈ ತೊಳೆದುಕೊಂಡ ನೀರು ಕೊನೆಗೆ ಅಲ್ಲಿಗೆ ಹೋಗಿ ಸೇರುತ್ತದೆ. ಒಂದೊಂದು ಸಂಘವೂ ತನ್ನ ಕೆರೆಯನ್ನು ಮಾತ್ರ ಉಳಿಸಿಕೊಂಡು, ಕೊಳಕನ್ನು ಪಕ್ಕದಿಂದ ಮುಂದಕ್ಕೆ ತಳ್ಳಿದರೆ ಕೆಳಗೆ ಇರುವವರ ಗತಿ ಏನು, ಅಲ್ವಾ?

ಡೈವರ್ಷನ್ ಚಾನಲ್ ಬೇಡ ಅಂತ ನಾನು ಹೇಳುತ್ತಿಲ್ಲ. ಮೀನು ಸಾಯುತ್ತಿರುವಾಗ ಅದು ಬೇಕು. ಆದರೆ ಅದಕ್ಕೆ ಸಿಹಿ ಹಂಚಬಾರದಿತ್ತು. ಕೆಲಸ ಆಗ ಅರ್ಧ ಆಗಿತ್ತು. ಮೇಲಿನ ಮ್ಯಾನ್‌ಹೋಲ್ ಉಕ್ಕುವುದು ನಿಂತು, ಕೊಳವೆ ದೊಡ್ಡದಾಗಿ, ಕೊಚ್ಚೆ ನೀರು ಕಾಲುವೆಗೆ ಇಳಿಯದೆ ಶುದ್ಧೀಕರಣ ಘಟಕಕ್ಕೆ ಹೋಗುವ ತನಕ ನಮ್ಮ ಸಂಘದ ಕೆಲಸ ಮುಗಿದಿಲ್ಲ. ನಮ್ಮ ಕೆರೆ ಎಷ್ಟೇ ತಿಳಿಯಾಗಿರಲಿ.

ಈಗ ಮೂರು ಕೆರೆಗಳವರು ಒಂದೇ ಗ್ರೂಪಿನಲ್ಲಿ ಇದ್ದೇವೆ. ನಮ್ಮದು, ಮೇಲಿನದು, ಕೆಳಗಿನದು. ಮೊದಲ ತಿಂಗಳು ಬರೀ ದೂರುಗಳೇ. ಪರವಾಗಿಲ್ಲ, ದೂರು ಹೇಳಿಕೊಳ್ಳುವುದಕ್ಕಾದರೂ ಒಂದು ಜಾಗ ಆಯಿತು. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ನಮ್ಮ ಕೋಡಿ ಹತ್ತಿರ ಸೇರುತ್ತಿದ್ದೇವೆ. ಕಾಲುವೆ ಹಿಡಿದು ಕೆಳಗಿನ ಕೆರೆ ತನಕ ನಡೆಯುತ್ತೇವೆ. ಸಿಕ್ಕ ಪ್ರತಿ ಪೈಪನ್ನೂ, ಪ್ರತಿ ಮ್ಯಾನ್‌ಹೋಲನ್ನೂ ಮ್ಯಾಪಿನಲ್ಲಿ ಗುರುತು ಹಾಕುತ್ತೇವೆ. ಮೀನು ಹಿಡಿಯುವ ಅಣ್ಣ ಬರುತ್ತಾರೆ, ಆ ಹುಡುಗಿ ತನ್ನ ಬಿಲ್ಲೆ ತರುತ್ತಾಳೆ. ಕೆಳಗಿನ ಕೆರೆಯಲ್ಲಿ ಎಷ್ಟನೇ ಗಂಟು ಅಂತ ಅವಳು ಅಲ್ಲಿಯವರ ನೋಟ್‌ಬುಕ್ಕಿನಲ್ಲಿ ಮೊದಲ ಸಾಲು ಬರೆಯುತ್ತಾಳೆ. ಹಳೆಯ ಚಪ್ಪಲಿ ಹಾಕಿಕೊಂಡು ಬನ್ನಿ.